ಊರೂರು ಸುತ್ತಿದ ಅಪ್ಪನ ಬೆಂಚು

ನಮ್ಮಪ್ಪ ತೀರಿಕೊಂಡ ಮೇಲೆ ಅವರಿಗೆ ಕೆಲಸ ಜಾಸ್ತಿಯಾಗಿದೆ. ಬದುಕಿದ್ದಾಗ, ಅದರಲ್ಲೂ ವಯಸ್ಸಾದ ಮೇಲೆ, ತಿಂಗಳಿಗೊಂದು ಸಭೆಗೆ ಹೋದರೆ ಹೆಚ್ಚು. ಈಗ ಹಾಗಲ್ಲ. ಬೆಳಿಗ್ಗೆ ಸಾಗರದಲ್ಲಿ ಧರಣಿ, ಮಧ್ಯಾಹ್ನ ಹೊಸನಗರದಲ್ಲಿ ಪ್ರತಿಭಟನೆ, ಸಂಜೆ ತೀರ್ಥಹಳ್ಳಿಯಲ್ಲಿ ವಿಚಾರ ಸಂಕಿರಣ. ಎಲ್ಲದಕ್ಕೂ ಅವರೇ ಬೇಕು. ಪಾಪ, ಫೋಟೊದಲ್ಲಿ ಹೋಗಿ ಬರುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ನಗುವ ಪ್ರಸಂಗಗಳಿಗೆ ಬರ ಎಂಬುದೇ ಇಲ್ಲ. ಒಂದನ್ನು ನೆನೆದು ನಕ್ಕು ಮುಗಿಸುವಷ್ಟರಲ್ಲಿ ಗೇಟಿನ ಹತ್ತಿರ ಇನ್ನೊಂದು ಜೀಪು ನಿಂತಿರುತ್ತದೆ.

ಅಪ್ಪ ಯಾರೆಂದು ಹೇಳಿಬಿಡುತ್ತೇನೆ. ಉಳುವವನ ಕೈಗೆ ಭೂಮಿ ಬರುವ ಮೊದಲು ನಮ್ಮ ಕಡೆ ಗೇಣಿಗೆ ಗದ್ದೆ ಮಾಡುವವರು ಒಡೆಯರ ಮನೆಗೆ ಹೋದರೆ ಅಂಗಳದಲ್ಲಿ ನಿಂತೇ ಮಾತಾಡಬೇಕಿತ್ತು. ವಯಸ್ಸಾದವರಿರಲಿ, ಜ್ವರ ಬಂದವರಿರಲಿ, ಕೂರುವ ಹಾಗಿಲ್ಲ. ಅಪ್ಪನೂ ಗೇಣಿಯವರೇ. ಒಡೆಯರು ಅಳೆದುಕೊಳ್ಳುವ ಭತ್ತಕ್ಕಿಂತ ಈ ನಿಲ್ಲಿಸಿ ಮಾತಾಡಿಸುವುದರ ಮೇಲೇ ಅವರಿಗೆ ಹೆಚ್ಚು ಸಿಟ್ಟು. ಒಂದು ದಿನ ಹಲಸಿನ ಹಲಗೆಯ ಉದ್ದನೆಯ ಬೆಂಚು ಮಾಡಿಸಿ, ನಾಲ್ಕು ಜನ ಹೊತ್ತುಕೊಂಡು ಹೋಗಿ, ಒಡೆಯರ ಅಂಗಳದಲ್ಲೇ ಇಟ್ಟು, "ಇನ್ಮೇಲೆ ಕೂತೇ ಮಾತಾಡಾಣ" ಅಂದರು. ಆಮೇಲೆ ಅದೇ ಬೆಂಚು ಕಚೇರಿಗಳ ಮುಂದೆ ಹೋಯಿತು. ಕೂತರು, ಮಳೆಯಲ್ಲಿ ಕೂತರು, ಬಿಸಿಲಲ್ಲಿ ಕೂತರು, ವರ್ಷಗಟ್ಟಲೆ ಕೂತರು. ಕೊನೆಗೆ ಗದ್ದೆಗಳು ಗೇಣಿಯವರ ಹೆಸರಿಗೆ ಬಂದವು, ಬೆಂಚು ನಮ್ಮ ಜಗಲಿಗೆ ಬಂತು.

ಸಾಗರದ ಅಂಚಿನಲ್ಲಿ, ಕೆಳದಿಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ರಿಟೈರ್ ಆದವಳು. ಅಮ್ಮನಿಗೆ ಎಂಬತ್ತು ದಾಟಿದೆ. ಸಂಜೆಯಾದರೆ ಬೆಂಚಿನ ಒಂದು ಬದಿಗೆ ಅಪ್ಪ, ಇನ್ನೊಂದು ಬದಿಗೆ ಅಮ್ಮ ಕೂತು ಎಲೆ ಅಡಿಕೆ ಹಾಕಿಕೊಂಡು ದಿನದ ಸುದ್ದಿ ಮಾತಾಡುವುದು ರೂಢಿ. ಅಪ್ಪ ಹೋದ ಮೇಲೂ ಅಮ್ಮ ತನ್ನ ಜಾಗ ಬಿಟ್ಟಿಲ್ಲ. ಗ್ಯಾಸ್ ಖಾಲಿಯಾದದ್ದು, ಬೆಕ್ಕು ಮರಿ ಹಾಕಿದ್ದು, ಎಲ್ಲವನ್ನೂ ಆ ಖಾಲಿ ಬದಿಗೆ ಹೇಳಿಯೇ ಎದ್ದು ಒಳಗೆ ಬರುತ್ತಾಳೆ. ಆದ್ದರಿಂದ ಬೆಂಚು ಕೇಳಿ ಬಂದವರಿಗೆಲ್ಲ ಅವಳದ್ದು ಒಂದೇ ಷರತ್ತು: ಸಂಜೆಯೊಳಗೆ ವಾಪಸ್ ಬರಬೇಕು.

ನಾನು ನಗುತ್ತಿರುವುದು ನೋಡಿ ನನಗೆ ಈ ಸಂಘಗಳವರ ಮೇಲೆ ಸಿಟ್ಟಿದೆ ಅಂದುಕೊಳ್ಳಬೇಡಿ. ಸಿಟ್ಟಿಲ್ಲ, ಋಣವಿದೆ. ಅಪ್ಪ ಹಾಸಿಗೆ ಹಿಡಿದಾಗ ಸರದಿಯ ಮೇಲೆ ಬಂದು ಮಗ್ಗುಲು ಬದಲಿಸಿದವರು ಇವರೇ. ಅಪ್ಪ ಹೋದ ಮೇಲೆ ನಮ್ಮ ಜಗಲಿ ಬಿಕೋ ಎನ್ನದ ಹಾಗೆ ನೋಡಿಕೊಂಡವರೂ ಇವರೇ. ಅವರ ಬಾಯಲ್ಲಿ ಅಪ್ಪ ಸ್ವಲ್ಪ ಉದ್ದ ಆಗಿದ್ದಾರೆ, ಸ್ವಲ್ಪ ಬೆಳ್ಳಗೂ ಆಗಿದ್ದಾರೆ, ಅಷ್ಟೆ.

೧. ಅಜ್ಜನ ಎದುರು, ಮೊಮ್ಮಗನ ಪರ

ಮೊದಲು ಬೆಂಚು ಕೇಳಿಕೊಂಡು ಬಂದವರು ಅಡಿಕೆ ಬೆಳೆಗಾರರ ಸಂಘದ ಅಧ್ಯಕ್ಷರು. ಹೊರಗಿನ ಅಡಿಕೆ ತಂದು ಸುರಿಯಬಾರದು ಎಂದು ಸಾಗರದಲ್ಲಿ ಧರಣಿ. "ಹಿರಿಯರು ಕೂತ ಬೆಂಚಿನ ಮೇಲೆ ಕೂತ್ರೆ ಅದರ ಗತ್ತೇ ಬೇರೆ" ಅಂದರು.

ನಾನು ಅವರ ಮುಖವನ್ನೇ ನೋಡಿದೆ. ಎಲ್ಲೋ ಕಂಡ ಮೂಗು. ವಿಚಾರಿಸಿದರೆ, ಅಪ್ಪ ಮೊದಲು ಬೆಂಚು ಹಾಕಿ ಕೂತದ್ದು ಯಾವ ಒಡೆಯರ ಅಂಗಳದಲ್ಲೋ, ಆ ಒಡೆಯರ ಮೊಮ್ಮಗ!

"ಅಲ್ಲ ಸ್ವಾಮಿ, ಈ ಬೆಂಚು ನಿಮ್ಮಜ್ಜನ ಎದುರಿಗೆ ಕೂರೋಕೆ ಮಾಡಿಸಿದ್ದು" ಅಂದೆ.

ಅವರು ಒಂದಿಷ್ಟೂ ಅಳುಕಲಿಲ್ಲ. "ಗೊತ್ತು ಮೇಡಂ. ಅದಕ್ಕೇ ನಮಗೆ ಈ ಬೆಂಚಿನ ಮೇಲೆ ಅಷ್ಟು ನಂಬಿಕೆ. ನಮ್ಮಜ್ಜ ಅಂಥವರನ್ನೇ ಬಗ್ಗಿಸಿದ ಬೆಂಚು ಇದು!"

ನಕ್ಕು ಬೆಂಚು ಕೊಟ್ಟೆ. ಅವರು ಅಲ್ಲಿಯೇ ನಿಂತು ಹೆಂಡತಿಗೆ ಫೋನ್ ಮಾಡಿ, "ಬೆಂಚು ಸಿಕ್ಕಿದ್ದು. ಎಂತದೂ ತೊಂದ್ರೆ ಇಲ್ಲೆ. ಈಗ್ಲೇ ಬತ್ತೆ" ಎಂದು ಖುಷಿಯಿಂದ ಹೇಳಿದರು. ಅಮ್ಮ ಒಳಗಿನಿಂದ ಲೋಟದಲ್ಲಿ ಕಾಫಿ ತಂದು, "ನಿಮ್ಮಜ್ಜ ನಮಗೆ ಕಾಫಿ ಕೊಟ್ಟವರಲ್ಲ. ನೀನು ಕುಡಿ" ಎಂದು ಕೈಗಿಟ್ಟಳು. ಅವರು ನಗುತ್ತಲೇ ಕುಡಿದರು.

ಮಾತಿನಂತೆ ಸಂಜೆ ಬೆಂಚು ಬಂತು. ಆದರೆ ಹೋದಾಗ ಹಲಸಿನ ಬಣ್ಣ, ಬಂದಾಗ ಗಿಳಿ ಹಸಿರು. ಗೌರವಕ್ಕೆಂದು ಬಣ್ಣ ಹೊಡೆಸಿದ್ದರಂತೆ. ಅಮ್ಮ ಕಾದು ಕಾದು ಸುಸ್ತಾಗಿದ್ದವಳು, ಇಳಿಸಿದ ಕೂಡಲೇ ಹೋಗಿ ಕೂತುಬಿಟ್ಟಳು. ಬಣ್ಣ ಒಣಗಿರಲಿಲ್ಲ. ಎದ್ದು ಸೀರೆಯ ಹಿಂಭಾಗ ತಿರುಗಿಸಿ ನೋಡಿಕೊಂಡು ಹೇಳಿದಳು: "ಅಂತೂ ನಾನೂ ಸಂಘಕ್ಕೆ ಸೇರಿದ ಹಾಗಾಯ್ತು."

೨. ಒಂದೇ ಬೆಂಚು, ಎರಡು ತುದಿ

ತೀರ್ಥಹಳ್ಳಿ ಕಡೆಯ ಒಂದು ಊರಿನಲ್ಲಿ ಬಸ್ಸು ನಿಲ್ಲುವ ಜಾಗದ ಪಕ್ಕಕ್ಕೆ ಬಾರು ಬರುತ್ತದೆಂದು ಗಲಾಟೆ ಶುರುವಾಗಿತ್ತು. ಬೇಡ ಅನ್ನುವ ಮಹಿಳಾ ಮಂಡಳಿಯವರು ಅಮ್ಮನಿಗೆ ಫೋನ್ ಮಾಡಿ ಬೆಂಚು ಕೇಳಿದರು. ಬೇಕು ಅನ್ನುವವರೂ ಒಂದು ವೇದಿಕೆ ಕಟ್ಟಿಕೊಂಡಿದ್ದರು. ಅವರು ನನಗೆ ಫೋನ್ ಮಾಡಿದರು. "ಹಿರಿಯರು ಶ್ರಮಿಕರ ಪರ ಇದ್ದೋರು. ಶ್ರಮಿಕ ಸಂಜೆ ಹೊತ್ತು ಮೂರು ಮೈಲಿ ನಡೀಬೇಕಾ ಮೇಡಂ, ನೀವೇ ಹೇಳಿ" ಅಂದರು. ಅಪ್ಪ ಹಬ್ಬಕ್ಕೂ ಒಂದು ಹನಿ ಮುಟ್ಟಿದವರಲ್ಲ. ವೇದಿಕೆಯವರು ಬಾರಿನ ಹೆಸರೇ ಎತ್ತದೆ ನ್ಯಾಯದ ಧರಣಿ ಅಂದದ್ದಕ್ಕೆ ನಾನು ಆಯಿತು ಅಂದುಬಿಟ್ಟೆ.

ತಾಯಿ ಒಬ್ಬರಿಗೆ, ಮಗಳು ಒಬ್ಬರಿಗೆ, ಒಂದೇ ದಿನ, ಒಂದೇ ಬೆಂಚು. ಕೊಟ್ಟ ಮಾತು ತಪ್ಪುವುದು ಹೇಗೆ? ಪಿಕಪ್ ಗಾಡಿಯಲ್ಲಿ ಬೆಂಚಿನ ಜೊತೆ ನಾನೇ ಹೋದೆ. ಎರಡು ಶಾಮಿಯಾನ ಎದುರು ಬದುರು, ಎರಡರಲ್ಲೂ ಅಪ್ಪನ ಅದೇ ಫೋಟೊ. ಬೆಂಚನ್ನು ನಡುವೆ ಇಳಿಸಿ, "ಅರ್ಧ ನಿಮಗೆ, ಅರ್ಧ ಅವರಿಗೆ" ಅಂದೆ. ಗೊಣಗಿಕೊಂಡೇ ಒಪ್ಪಿದರು. ಈ ತುದಿಯಲ್ಲಿ ಹೆಂಗಸರು, ಆ ತುದಿಯಲ್ಲಿ ಗಂಡಸರು, ಬೆನ್ನಿಗೆ ಬೆನ್ನು ಹಾಕಿ ಕೂತರು.

ಒಂದು ವಿಷಯ ಹೇಳಲು ನಾನು ಮರೆತೆ. ಆ ಬೆಂಚಿನ ಕಾಲುಗಳು ತುದಿಯಲ್ಲಿಲ್ಲ, ಒಳಗಿವೆ. ಅಮ್ಮನಂಥ ಹಗುರದವರಿಗೆ ತೊಂದರೆಯಿಲ್ಲ. ಆದರೆ ಜನ ತುಂಬಿ ಕೂತಾಗ ಒಂದು ಕಡೆಯವರು ಏಳುವ ಮೊದಲು "ಏಳ್ತೀವಿ" ಎಂದು ಇನ್ನೊಂದು ಕಡೆಯವರಿಗೆ ಹೇಳಿಯೇ ಏಳಬೇಕು. ಅಪ್ಪನ ಕಾಲದ ಹೋರಾಟಗಾರರಿಗೆಲ್ಲ ಇದು ಗೊತ್ತಿತ್ತು. ಅವರ ಒಗ್ಗಟ್ಟಿಗೆ ಅರ್ಧ ಕಾರಣ ತತ್ವ, ಇನ್ನರ್ಧ ಬೆಂಚಿನಿಂದ ಬೀಳುವ ಭಯ.

ಮಧ್ಯಾಹ್ನ ತಹಶೀಲ್ದಾರರು ಜೀಪಿನಿಂದ ಇಳಿದು ಹತ್ತಿರ ಬಂದರು. ಹೆಂಗಸರೆಲ್ಲ ಘೋಷಣೆ ಕೂಗಲು ಒಟ್ಟಿಗೆ ದಡಕ್ಕನೆ ಎದ್ದರು. ಈ ತುದಿ ಆಕಾಶಕ್ಕೆ ಹೋಯಿತು, ಆ ತುದಿ ನೆಲಕ್ಕೆ ಬಂತು. ವೇದಿಕೆಯ ಪದಾಧಿಕಾರಿಗಳೆಲ್ಲ ಒಬ್ಬರ ಮೇಲೊಬ್ಬರು ಉರುಳಿ ತಹಶೀಲ್ದಾರರ ಕಾಲ ಬುಡದಲ್ಲಿ ಬಿದ್ದರು. ಯಾರಿಗೂ ಪೆಟ್ಟಾಗಲಿಲ್ಲ, ನಾನೇ ಮೊಣಕೈ ಮೊಣಕಾಲು ಮುಟ್ಟಿ ನೋಡಿದೆ.

ತಹಶೀಲ್ದಾರರು ಗಾಬರಿಯಾಗಿ, "ಏನ್ರೀ ಇದು, ಹಗಲು ಹೊತ್ತಿನಲ್ಲೇ?" ಅಂದರು.

ಕೆಳಗೆ ಬಿದ್ದಿದ್ದ ವೇದಿಕೆಯ ಅಧ್ಯಕ್ಷರು ದೀನರಾಗಿ ಕೈಮುಗಿದರು. "ದೇವರಾಣೆಗೂ ಸಾರ್, ಬೆಳಿಗ್ಗೆಯಿಂದ ಬರೀ ಮಜ್ಜಿಗೆ."

೩. ಕೊನೆಯ ಮಾತು

ಹೊಸನಗರದಲ್ಲಿ ಬಸ್ ಹೋರಾಟ ಸಮಿತಿಯ ಸಭೆಗೆ ನನ್ನನ್ನೂ ಕರೆದಿದ್ದರು. ಒಳಗಿನ ಒಂದು ಹಳ್ಳಿಗೆ ಬಸ್ಸಿಲ್ಲ. ಬಸುರಿಯರು, ಶಾಲೆ ಮಕ್ಕಳು ಎಲ್ಲ ನಡೆದೇ ಮುಖ್ಯರಸ್ತೆಗೆ ಬರಬೇಕು. ನ್ಯಾಯವಾದ ಬೇಡಿಕೆಯೇ. ಆ ದಾರಿಯಲ್ಲಿ ಹೆರಿಗೆ ಚೀಲ ಹಿಡಿದು ನಾನೂ ನಡೆದವಳು.

ಸಮಿತಿಯ ಅಧ್ಯಕ್ಷರದ್ದು ಕಂಚಿನ ಕಂಠ. ಮೈಕು ಕೈಗೆ ಬಂದರೆ ಕಣ್ಣೀರೂ ಬರುತ್ತದೆ. "ಬಂಧುಗಳೇ, ಹಿರಿಯರು ಕೊನೆಯುಸಿರು ಎಳೆಯುವಾಗ ಏನು ಹೇಳಿದರು ಗೊತ್ತಾ? 'ನಾನು ಹೋಗುತ್ತೇನೆ, ಆದರೆ ಆ ಹಳ್ಳಿಗೆ ಬಸ್ಸು ಬರಲಿ' ಅಂದರು!" ಸಭೆಯಲ್ಲಿ ಸೆರಗುಗಳು ಕಣ್ಣಿಗೆ ಹೋದವು. ನಾನೂ ಸೆರಗಿಗೆ ಕೈ ಹಾಕಿದೆ. ಆಮೇಲೆ ನೆನಪಾಯಿತು, ಆಗ ಅಪ್ಪನ ಪಕ್ಕದಲ್ಲಿ ಇದ್ದದ್ದು ನಾನು.

ಮುಂದಿನ ಮಾತು ನನ್ನದೇ. ಸುಳ್ಳಿಗೆ ತಲೆಯಾಡಿಸಿದರೆ ಅಪ್ಪ ಕನಸಿನಲ್ಲಿ ಬಂದು ಬೈದಾರು ಅನ್ನಿಸಿತು. "ಅಧ್ಯಕ್ಷರ ಪ್ರೀತಿ ದೊಡ್ಡದು. ಆದರೆ ಅಪ್ಪ ಕೊನೆಗೆ ಹೇಳಿದ್ದು ಬಸ್ಸಿನ ವಿಷಯ ಅಲ್ಲ. ಅಮ್ಮ ಒಂದು ಚಮಚ ಗಂಜಿ ಕುಡಿಸಿದಳು. ಅಪ್ಪ, 'ಉಪ್ಪೇ ಹಾಕಿಲ್ವಲ್ಲೇ' ಅಂದರು. ಅಷ್ಟೇ" ಅಂದೆ.

ಸಭೆ ತಣ್ಣಗಾಯಿತು. ನಾನು ಕೆಲಸ ಕೆಡಿಸಿದೆ ಅಂದುಕೊಳ್ಳುವಷ್ಟರಲ್ಲಿ ಅಧ್ಯಕ್ಷರು ಹಾರಿ ಬಂದು ಮೈಕು ಕಸಿದುಕೊಂಡರು. "ಕೇಳಿದಿರಾ ಬಂಧುಗಳೇ! ಕೊನೆಯ ಉಸಿರಿನಲ್ಲೂ ಉಪ್ಪು! ಉಪ್ಪಿನ ಸತ್ಯಾಗ್ರಹ ಅವರ ರಕ್ತದಲ್ಲೇ ಇತ್ತು!" ಚಪ್ಪಾಳೆಗೆ ಸೂರಿನ ಶೀಟು ಹಾರಿಹೋಗುವಂತಾಯಿತು. ಎಲ್ಲರೂ ಅದೇ ಆವೇಶದಲ್ಲಿ ಎದ್ದು ಮೆರವಣಿಗೆ ಹೊರಟರು.

ಸ್ವಲ್ಪ ದಿನಕ್ಕೇ ಬಸ್ಸು ಬಂತು. ಈಗಲೂ ಓಡುತ್ತಿದೆ, ಆ ಹಳ್ಳಿಯ ಹೆಣ್ಣುಮಕ್ಕಳು ನನ್ನನ್ನು ಕಂಡರೆ ಕಿಟಕಿಯಿಂದ ಕೈಬೀಸುತ್ತಾರೆ. ಅಮ್ಮನಿಗೆ ಮಾತ್ರ ಎಲ್ಲಿಲ್ಲದ ಹೆಮ್ಮೆ. "ಯಾರ್ಯಾರೋ ತಮ್ಮಿಂದ ಬಸ್ ಬಂತು ಅಂತಾರೆ. ಅವತ್ತು ನಾ ಉಪ್ಪು ಹಾಕೋಕೆ ಮರೀದೇ ಇದ್ದಿದ್ರೆ ಎಲ್ಲಿತ್ತು ಬಸ್ಸು?"

೪. ಅದೇ ಫೋಟೊ

ಇದು ಸಣ್ಣದು. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯಿಂದ ಇಬ್ಬರು ಯಜಮಾನರು ಬಂದರು. ಹಿಂದೆ, "ಎಷ್ಟು ದಿನ ಲಾಂಚಿಗೆ ಕಾಯೋದು, ಸೇತುವೆ ಬೇಕು" ಎಂದು ಅಪ್ಪನ ಫೋಟೊ ಒಯ್ದವರು ಇವರೇ. ಈಗ ಸೇತುವೆ ಆಗಿದೆ. ಸಿಹಿ ಕೊಡಲು ಬಂದರೇನೋ ಎಂದುಕೊಂಡೆ. ಸಿಹಿಯನ್ನೂ ತಂದಿದ್ದರು, ಸುಳ್ಳು ಹೇಳಬಾರದು. ಕೊಟ್ಟಾದ ಮೇಲೆ ಒಬ್ಬರು ಮೆಲ್ಲಗೆ, "ಒಂದು ಲಾಂಚಾದ್ರೂ ಉಳಿಸ್ಕೋಬೇಕು ಅಂತ ಹೋರಾಟ ಶುರು ಮಾಡಿದೀವಿ. ಹಿರಿಯರು ಲಾಂಚಲ್ಲೇ ಓಡಾಡಿದೋರಲ್ವಾ" ಅಂದರು.

"ಸೇತುವೆಗೂ ಅವರೇ, ಲಾಂಚಿಗೂ ಅವರೇನಾ?" ಅಂದೆ.

"ಹೂಂ. ಫೋಟೊ ಬೇರೆ ಬೇಡ, ಹಳೇದೇ ಇದೆ. ನಾವು ಒಂದು ಮಾತು ಕೇಳಿ ಹೋಗಾಣ ಅಂತ ಬಂದ್ವಿ. ಅವರು ಮನಸ್ಸು ಬದಲಾಯಿಸಿದಾರೆ ಅಂತ ಹೇಳ್ಬಹುದಲ್ವಾ?"

೫. ಕೂರಬಾರದು

ಇವೆಲ್ಲ ನಗೆಯಲ್ಲಿ ಹೋದವು. ಬೆಂಚೇ ಬಾರದೆ ಹೋದದ್ದು ಮಾತ್ರ ನಗುವ ವಿಷಯವಾಗಿರಲಿಲ್ಲ.

ಮೂರು ತಾಲ್ಲೂಕಿನ ಸಂಘಗಳೂ ಸೇರಿ ಅಪ್ಪನ ಹೆಸರಿನಲ್ಲಿ ಒಂದು ಸ್ಮಾರಕ ಸಮಿತಿ ಮಾಡಿದವು. ಭವನ ಎಲ್ಲಿ ಅನ್ನುವುದಕ್ಕೆ ಸಾಗರಕ್ಕೂ ತೀರ್ಥಹಳ್ಳಿಗೂ ಜಗಳವಾಗಿ ಕೊನೆಗೆ ಹೊಸನಗರ ಎಂದಾಯಿತು. ಬಸ್ ಸಮಿತಿಯ ಕಂಚಿನ ಕಂಠದವರು ಅಧ್ಯಕ್ಷರು, ಅಡಿಕೆಯವರು, ಅದೇ ಒಡೆಯರ ಮೊಮ್ಮಗ, ಕಾರ್ಯಾಧ್ಯಕ್ಷರು. "ಅಳತೆ ನೋಡೋಕೆ ಎರಡು ದಿನ" ಎಂದು ಬೆಂಚು ಒಯ್ದರು. ಎರಡು ದಿನ ಹೋಯಿತು, ಎರಡು ತಿಂಗಳು ಹೋಯಿತು, ಮಳೆಗಾಲ ಹಿಡಿದು ಬಿಟ್ಟೂ ಆಯಿತು. ಫೋನ್ ಮಾಡಿದರೆ, "ಮೇಡಂ, ಅದು ಇನ್ನು ನಾಡಿನ ಆಸ್ತಿ" ಅನ್ನುತ್ತಾರೆ.

ಅಮ್ಮನಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟೆ. ಕಾಲು ನೆಲಕ್ಕೆ ಎಟುಕುವುದಿಲ್ಲ ಅಂದಳು. ಮಣೆ ಇಟ್ಟೆ. ಕುರ್ಚಿ ಜಾರುತ್ತದೆ ಅಂದಳು. ಆಮೇಲೆ ಸಂಜೆ ಜಗಲಿಗೆ ಬರುವುದನ್ನೇ ಬಿಟ್ಟಳು. ಎಲೆ ಅಡಿಕೆ ತಟ್ಟೆ ಮುಟ್ಟಲಿಲ್ಲ. ಬಿಪಿ ನೋಡಿದರೆ ಸರಿ ಇದೆ, ಸಕ್ಕರೆ ಸರಿ ಇದೆ. ಮನುಷ್ಯಳು ಮಾತ್ರ ಸೊರಗುತ್ತಿದ್ದಾಳೆ. ಅಷ್ಟು ವರ್ಷ ನರ್ಸ್ ಆಗಿದ್ದರೂ ಇದಕ್ಕೆ ಯಾವ ಇಂಜೆಕ್ಷನ್ ಎಂದು ನನಗೆ ತಿಳಿಯಲಿಲ್ಲ. ನಿಜವಾಗಿ ಹೆದರಿದೆ.

ಭವನದ ಉದ್ಘಾಟನೆಗೆ ಬೆಳಿಗ್ಗೆಯೇ ಕಾರು ಕಳಿಸಿ ಕರೆಸಿಕೊಂಡರು. ಒಳಗೆ ಕಾಲಿಟ್ಟರೆ ಎದುರಿಗೇ ಬೆಂಚು. ಹಸಿರು ಬಣ್ಣ ಕೆರೆದು ಪಾಲಿಶ್ ಹೊಡೆದು, ಸುತ್ತ ಕೆಂಪು ಹಗ್ಗ ಕಟ್ಟಿ, ಮೇಲೆ ಒಂದು ಬೋರ್ಡು: "ಕೂರಬಾರದು." ನಾನು ಅದನ್ನು ಓದಿ ನಗಬೇಕೋ ಅಳಬೇಕೋ ಎಂದು ನಿಂತಿರುವಾಗಲೇ ಅಮ್ಮ ನನ್ನ ಕೈ ಬಿಡಿಸಿಕೊಂಡು, ಹಗ್ಗದ ಕೆಳಗೆ ನುಸುಳಿ, ತನ್ನ ಜಾಗದಲ್ಲಿ ಕೂತಾಗಿತ್ತು.

ಎದೆಗೆ ಬ್ಯಾಡ್ಜು ಸಿಕ್ಕಿಸಿಕೊಂಡ ಒಬ್ಬರು ಓಡಿ ಬಂದರು. "ಅಜ್ಜೀ, ಏಳಿ ಏಳಿ. ಇದು ಹಿರಿಯರು ಕೂತ ಬೆಂಚು."

"ಗೊತ್ತು ಮಾರಾಯ. ಅವರ ಪಕ್ಕ ಕೂತವಳೇ ನಾನು."

"ಎಲ್ರೂ ಹಂಗೇ ಹೇಳ್ತಾರೆ ಅಜ್ಜಿ" ಅಂದರು ಅವರು ಬೇಸರದಿಂದ.

ನಾನು ಹೋಗಿ ಯಾರೆಂದು ಹೇಳಿದ ಮೇಲೆ ಅವರ ಮುಖ ಬಿಳಿಚಿತು. ಅಧ್ಯಕ್ಷರು ಬಂದರು. "ಅಮ್ಮಾ, ವೇದಿಕೆ ಮೇಲೆ ಸೋಫಾ ಇದೆ, ಬನ್ನಿ."

"ನಾ ಏಳೋದಿಲ್ಲ."

"ಯಾಕಮ್ಮ?"

"ಬೆಂಚು ಮನೆಗೆ ಬರ್ಬೇಕು. ಅಲ್ಲಿ ತನಕ ಏಳಲ್ಲ" ಎಂದು ಅಮ್ಮ ಸೊಂಟದಿಂದ ಎಲೆ ಅಡಿಕೆ ಚೀಲ ತೆಗೆದು ಪಕ್ಕದಲ್ಲಿಟ್ಟಳು. ತಿಂಗಳುಗಳ ಮೇಲೆ ಆ ಚೀಲ ಬಿಚ್ಚಿದ್ದು ನೋಡಿ ನನಗೆ ಜೀವ ಬಂದಂತಾಯಿತು.

ಹಿಂದೆ ಕೂತಿದ್ದ ಜನಕ್ಕೆ ಏನಾಗುತ್ತಿದೆ ಎಂದು ಕಾಣುತ್ತಿರಲಿಲ್ಲ. "ಹಿರಿಯರ ಹೆಂಡ್ತಿ ಧರಣಿ ಕೂತಿದಾರಂತೆ" ಎಂಬ ಸುದ್ದಿ ಮಾತ್ರ ಸಾಲಿಂದ ಸಾಲಿಗೆ ಹೋಯಿತು. ಅಷ್ಟು ಸಾಕಾಯಿತು. ಅಲ್ಲಿದ್ದವರೆಲ್ಲ ಆಯುಷ್ಯವಿಡೀ ಧರಣಿ ಮಾಡಿದವರು. ಧರಣಿ ಎಂದು ಕಿವಿಗೆ ಬಿದ್ದರೆ ಕೈ ತಾನಾಗಿ ಮೇಲೇಳುತ್ತದೆ. "ಬೇಕೇ ಬೇಕು!" ಎಂದು ಯಾರೋ ಕೂಗಿದರು. "ನ್ಯಾಯ ಬೇಕು!" ಎಂದು ಭವನ ಗುಡುಗಿತು. ಮಹಿಳಾ ಮಂಡಳಿಯವರು ಬಂದು ಬೆಂಚಿನ ಸುತ್ತ ನೆಲದ ಮೇಲೆ ಕೂತೇಬಿಟ್ಟರು. ಅಡಿಕೆಯವರು ಪಂಚೆ ಎತ್ತಿಕಟ್ಟಿ, "ಸಮಿತಿಗೆ ಧಿಕ್ಕಾರ!" ಅಂದರು.

"ನೀವೇ ಸಮಿತಿಯ ಕಾರ್ಯಾಧ್ಯಕ್ಷರಲ್ವಾ?" ಎಂದು ನಾನು ಪಿಸುಗುಟ್ಟಿದೆ.

"ಅದು ಬೇರೆ ಮೇಡಂ. ಅನ್ಯಾಯ ಕಂಡಾಗ ಸುಮ್ನಿರೋಕೆ ಆಗ್ತದಾ?"

ಅಷ್ಟರಲ್ಲಿ ಮುಖ್ಯ ಅತಿಥಿಗಳಾದ ಮಂತ್ರಿಗಳ ಕಾರು ಗೇಟಿಗೆ ಬಂತು. ಒಳಗೆ ಧಿಕ್ಕಾರ ಕೇಳಿ, ಅವರೂ ಅಭ್ಯಾಸಬಲದಿಂದ ಕಾರು ತಿರುಗಿಸಿಕೊಂಡು ಹೋದರು.

ಅಧ್ಯಕ್ಷರ ಕೈಯೂ ಅರ್ಧಕ್ಕೆ ಎದ್ದಿತ್ತು. ಎಲ್ಲರೂ ತನ್ನ ಕಡೆಗೇ ನೋಡುತ್ತಿದ್ದಾರೆ ಎಂದು ಆಗ ಹೊಳೆಯಿತು. ಅಷ್ಟು ವರ್ಷ ಮನವಿ ಕೊಟ್ಟವರು, ತೆಗೆದುಕೊಳ್ಳುವ ಜಾಗದಲ್ಲಿ ನಿಂತು ಗೊತ್ತಿಲ್ಲ. ಬೆವರು ಒರೆಸಿಕೊಂಡು, ಕಚೇರಿಗಳಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದ ಮಾತನ್ನೇ ಹೇಳಿದರು: "ತಮ್ಮ ಬೇಡಿಕೆಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುವುದು."

"ಪರಿಶೀಲನೆ ಎಂಥದೂ ಬೇಡ. ಗಾಡಿ ತನ್ನಿ" ಅಂದಳು ಅಮ್ಮ.

ಗಾಡಿ ಬಂತು. ಒಂದು ತುದಿಗೆ ಅಧ್ಯಕ್ಷರು, ಇನ್ನೊಂದು ತುದಿಗೆ ಅಡಿಕೆಯವರು ಹೆಗಲು ಕೊಟ್ಟರು. ಜೊತೆಗೆ ಒಂದಷ್ಟು ಜನ ಸಾಗರದವರೆಗೂ ಬಂದು, ಜಗಲಿಯಲ್ಲಿ ಬೆಂಚು ಇಳಿಸಿ, ಅಮ್ಮನನ್ನು ಕೂರಿಸಿ, ತಾವೂ ಒತ್ತಿಕೊಂಡು ಕೂತರು. ಒಡೆಯರ ಮೊಮ್ಮಗ, ಗೇಣಿಯವರ ಮೊಮ್ಮಕ್ಕಳು, ಎಲ್ಲ ಒಂದೇ ಹಲಗೆಯ ಮೇಲೆ. ನಾನು ಕಾಫಿ ತರಲು ಒಳಗೆ ಹೋಗಿ ಒಲೆಯ ಮುಂದೆ ಸ್ವಲ್ಪ ಹೊತ್ತು ಅತ್ತೆ. ಈ ಜನರನ್ನು ನಮಗೆ ಬಿಟ್ಟುಹೋದರಲ್ಲ ಅಪ್ಪ, ಅದಕ್ಕಿಂತ ಬೇರೆ ಆಸ್ತಿ ಯಾವುದು ಅನ್ನಿಸಿತು.

ಹೊರಗೆ ಅಧ್ಯಕ್ಷರಿಗೆ ಮತ್ತೆ ಕಂಠ ಬಂದಿತ್ತು. "ಅಮ್ಮಾ, ನಿಜ ಹೇಳ್ತೀನಿ, ನಾವೆಲ್ಲ ಬರೀ ಹೆಸರು ಹೇಳಿದ್ವಿ. ಹಿರಿಯರ ಹಾದಿಯಲ್ಲಿ ನಡೆದೋರು ನೀವು."

ಅಮ್ಮ ಎಲೆಗೆ ಸುಣ್ಣ ಸವರುತ್ತಾ ಹೇಳಿದಳು: "ಹಾದಿ ಅವರದ್ದೇ ಮಾರಾಯ, ಇಲ್ಲ ಅನ್ನಲ್ಲ. ಆದ್ರೆ ಅವರು ಒಂದೊಂದಕ್ಕೂ ವರ್ಷಗಟ್ಟಲೆ ಕೂತ್ರು. ನಂಗೆ ಊಟದ ಹೊತ್ತಿಗೇ ಮುಗೀತು ನೋಡು."